ತುಳು ವಿಕಿಪೀಡಿಯ: ಬಿಡುಗಡೆಗೆ ಮುನ್ನಿನ ಪರೀಕ್ಷಾವಧಿ

ತುಳು ವಿಕಿಪೀಡಿಯ ಹುಟ್ಟಿದ ವರ್ಷ 2016 ಎಂದು ಹೇಳುವುದುಂಟು. ಅದು ಸ್ವತಂತ್ರ ತಾಣವಾದ ವರ್ಷ ಮಾತ್ರ. ಅದಕ್ಕೂ ಮುನ್ನ ಸುಮಾರು 8 ವರ್ಷ ಅದು ವಿಕಿಮೀಡಿಯದ ‘ಇನ್‌ಕ್ಯುಬೇಟರ್’ನಲ್ಲಿ ಪರೀಕ್ಷಾ ವಿಕಿಯಾಗಿತ್ತು. ಹುಟ್ಟಿದ ವರ್ಷವನ್ನು 2016ಕ್ಕೆ ನಿಲ್ಲಿಸಿದರೆ ಈ ಅವಧಿಯ ದುಡಿಮೆಯೆಲ್ಲ ದಾಖಲೆಯಿಂದ ಜಾರಿಹೋಗುತ್ತದೆ.

ಇನ್‌ಕ್ಯುಬೇಟರ್ 2006ರಲ್ಲಿ ಶುರುವಾಯಿತು. ಅಲ್ಲಿಂದ ಹೊರಬರಲು ಭಾಷೆಗೆ ಅಂತರರಾಷ್ಟ್ರೀಯ ಸಂಕೇತವಿರಬೇಕು (ತುಳುವಿನದು ಟಿಸಿವೈ). ತಾಣದ ಗುಂಡಿ, ಸೂಚನೆಗಳ ಮುಖ್ಯ ಪಠ್ಯ ಅನುವಾದವಾಗಿರಬೇಕು, ಬರೆಯುವವರು ತಿಂಗಳಿಂದ ತಿಂಗಳಿಗೆ ನಿಲ್ಲದೆ ಬರೆಯುತ್ತಿರಬೇಕು. ಬರಹ ನಿಜಕ್ಕೂ ಆ ಭಾಷೆಯದೇ ಎಂದು ಬಲ್ಲವರಿಂದ ಖಾತರಿಯೂ ಆಗಬೇಕು. ಸಾಮಾನ್ಯ ಜಾಲತಾಣದ ಪರೀಕ್ಷೆ ಕೊಂಡಿ, ಪುಟ, ವೇಗಗಳನ್ನು ನೋಡುತ್ತದೆ. ಇಲ್ಲಿ ಪರೀಕ್ಷೆಗೆ ಒಳಗಾದದ್ದು ಬರೆಯುವ ಬಳಗ. ತೊಡಕೂ ಇತ್ತು: ಪ್ರತಿ ಪುಟದ ಹೆಸರಿನ ಮುಂದೆ ನಿಗದಿತ ಪೂರ್ವಪದ ಹಾಕಬೇಕಿತ್ತು, ಮರೆತರೆ ಲೇಖನ ನೂರಾರು ಭಾಷೆಗಳ ಪುಟಗಳ ನಡುವೆ ಸೇರಿಹೋಗುತ್ತಿತ್ತು.

ಅಕ್ಷರಗಳ ಮಟ್ಟದಲ್ಲಿ ದಾರಿ ಸುಲಭವಿತ್ತು. ಕನ್ನಡ ಲಿಪಿ 1991ರಿಂದಲೇ ಯೂನಿಕೋಡ್‌ನಲ್ಲಿದೆ. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯ ಕೀಲಿಮಣೆ, ಫಾಂಟುಗಳ ಕಷ್ಟವನ್ನು ಮೊದಲೇ ಉಂಡಿತ್ತು. ಕಾಸರಗೋಡಿನ ಬೆಳ್ಳೂರಿನಂಥ ಗಡಿಯೂರುಗಳಲ್ಲಿ ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಮಲಯಾಳಂ ಎಂದು ಬದುಕುವವರಿಗೂ ತುಳುವನ್ನು ಓದಲು ಕನ್ನಡಾಕ್ಷರವೇ ಹತ್ತಿರ.

ನಿಜವಾದ ಬಿಕ್ಕಟ್ಟು ಕಾಗುಣಿತದ್ದು. ‘ನಾನು ಬರುತ್ತೇನೆ’, ‘ಅವನು ಬರುತ್ತಾನೆ’ ಎರಡಕ್ಕೂ ತುಳುವಿನಲ್ಲಿ ಬರೆಯುವುದು ‘ಬರ್ಪೆ’ ಎಂದೇ. ಉಚ್ಚಾರದಲ್ಲಿ ಕೊನೆಯ ಸ್ವರ ಬೇರೆ, ಕನ್ನಡ ಲಿಪಿಯಲ್ಲಿ ಅದಕ್ಕೆ ಗುರುತಿಲ್ಲ. ಪದದ ಕೊನೆಯ ಅರೆ ಉಕಾರವನ್ನು ಹಲವರು ಅರ್ಧಾಕ್ಷರದ ಚಿಹ್ನೆಯಿಂದಲೇ ಬರೆಯುತ್ತಾರೆ. ‘ಳ’ಕಾರ ಕೆಲವು ಕಡೆಯ ಮಾತಿನಲ್ಲಿ ‘ಲ’ಕಾರವಾಗುವುದರಿಂದ ‘ತುಳು’, ‘ತುಲು’ ಎರಡೂ ಸಲ್ಲುತ್ತವೆ. ಯಂತ್ರಕ್ಕೆ ಇವು ಬೇರೆಬೇರೆ ಪದ. ಒಂದನ್ನು ಹುಡುಕಿದವರಿಗೆ ಇನ್ನೊಂದು ಸಿಗಬೇಕಾದರೆ ಪುನರ್ನಿರ್ದೇಶನ ಪುಟ ಬೇಕೇ ಬೇಕು. ಮುದ್ರಣದಲ್ಲಿ ಓದುಗರು ಸಂದರ್ಭದಿಂದ ತುಂಬಿಕೊಳ್ಳುತ್ತಿದ್ದ ಕೊರತೆ ಜಾಲತಾಣದಲ್ಲಿ ದೋಷವಾಗಿ ಕಾಣತೊಡಗಿತು. ತುಳು ಬರಹದ ಚರಿತ್ರೆಯಲ್ಲಿ ಈ ಅವಧಿಗೆ ತೂಕ ಬರುವುದು ಇದರಿಂದ.

ಪರೀಕ್ಷಾವಧಿಯ ಕೊನೆಯ ವರ್ಷಗಳಲ್ಲಿ ವಿಕಿಪೀಡಿಯ ಕಾರ್ಯಕರ್ತ ಯು.ಬಿ. ಪವನಜ ಮೊದಲಾದವರ ಒತ್ತಾಸೆಯಿಂದ ಕೆಲಸ ಚುರುಕಾಯಿತು. 2016ರ ಆಗಸ್ಟ್‌ನಲ್ಲಿ ಚಂಡೀಗಢದ ವಿಕಿ ಸಮ್ಮೇಳನದ ವೇಳೆ ತಾಣ ಲೋಕಾರ್ಪಣೆಯಾಯಿತು.

2024ರ ಸೆಪ್ಟೆಂಬರ್‌ನಲ್ಲಿ ಯೂನಿಕೋಡ್ 16.0 ಆವೃತ್ತಿ ತುಳುವಿನ ಹಳೆಯ ಲಿಪಿಯಾದ ತುಳು-ತಿಗಳಾರಿಯ 80 ಚಿಹ್ನೆಗಳಿಗೆ ಸ್ಥಾನ ಕೊಟ್ಟಿತು. ಆ ಲಿಪಿಯಲ್ಲಿ ತಾಣ ತೆರೆಯಬೇಕೆಂದರೆ ಫಾಂಟು, ಕೀಲಿಮಣೆ, ಹುಡುಕಾಟ, ಪುಟಗಳ ಹೆಸರು ಎಲ್ಲವನ್ನೂ ಮತ್ತೆ ಮೊದಲಿನಿಂದ ಪರೀಕ್ಷಿಸಬೇಕು.