ಕ್ಯಾಲೊರಿ ಲೆಕ್ಕ: ಕೂಲಿಕಾರನ ತಟ್ಟೆಯಿಂದ ಬಡತನದ ರೇಖೆಯವರೆಗೆ

ಬಿಸ್ಕತ್ತಿನ ಪೊಟ್ಟಣವನ್ನು ತಿರುವಿ ನೋಡಿದರೆ ಹಿಂಬದಿಯಲ್ಲಿ ಪುಟ್ಟದೊಂದು ಪಟ್ಟಿ ಇರುತ್ತದೆ. ಇಷ್ಟು ಕ್ಯಾಲೊರಿ, ಇಷ್ಟು ಪ್ರೋಟೀನು, ಇಷ್ಟು ಕೊಬ್ಬು. ತೂಕ ಇಳಿಸಲು ಹೊರಟವರು ಬೆಳಗಿನಿಂದ ರಾತ್ರಿಯವರೆಗೆ ತಿಂದದ್ದನ್ನೆಲ್ಲ ಕೂಡಿಸಿ ದಿನದ ಮೊತ್ತ ತೆಗೆಯುತ್ತಾರೆ. ಆದರೆ ಈ ಲೆಕ್ಕಕ್ಕೆ ಬುನಾದಿ ಬಿದ್ದದ್ದು ತೂಕದ ಚಿಂತೆಯಿಂದಲ್ಲ. ಕೂಲಿಕಾರನ ಹೊಟ್ಟೆಯನ್ನು ಕಡಿಮೆ ಖರ್ಚಿನಲ್ಲಿ ತುಂಬುವುದು ಹೇಗೆಂಬ ಪ್ರಶ್ನೆಯಿಂದ.

ಒಂದು ಕಿಲೊ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಮಾಡಲು ಬೇಕಾದ ಶಾಖವೇ ಆಹಾರದ ಒಂದು ಕ್ಯಾಲೊರಿ. ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದ ರಸಾಯನಶಾಸ್ತ್ರಜ್ಞ ವಿಲ್ಬರ್ ಅಟ್ವಾಟರ್ 1890ರ ದಶಕದಲ್ಲಿ ಇದಕ್ಕಾಗಿಯೇ ಒಂದು ಸಣ್ಣ ಕೋಣೆಯನ್ನು ಸಿದ್ಧಪಡಿಸಿದರು. ಅದರೊಳಗೆ ಒಬ್ಬ ಮನುಷ್ಯ ದಿನಗಟ್ಟಲೆ ಇರಬೇಕು. ಅವನು ತಿಂದ ಆಹಾರ, ಬಿಟ್ಟ ಉಸಿರು, ಮೈಯಿಂದ ಹೊರಟ ಶಾಖ ಎಲ್ಲವನ್ನೂ ಅಳೆಯಲಾಗುತ್ತಿತ್ತು. ಅಟ್ವಾಟರ್ ಸಂಶೋಧನೆಗಳಿಂದ ದೊರೆತ ಸೂತ್ರ ಸರಳವಾದದ್ದು: ಒಂದು ಗ್ರಾಂ ಪ್ರೋಟೀನಿಗೆ 4 ಕ್ಯಾಲೊರಿ, ಶರ್ಕರಪಿಷ್ಟಕ್ಕೆ 4, ಕೊಬ್ಬಿಗೆ 9. ಊಟವೊಂದರಲ್ಲಿ 10 ಗ್ರಾಂ ಪ್ರೋಟೀನು, 5 ಗ್ರಾಂ ಕೊಬ್ಬು, 60 ಗ್ರಾಂ ಶರ್ಕರಪಿಷ್ಟ ಇದ್ದರೆ ಒಟ್ಟು 325 ಕ್ಯಾಲೊರಿ. ಪೊಟ್ಟಣದ ಮೇಲಿನ ಲೆಕ್ಕಕ್ಕೆ ಇಂದಿಗೂ ಬಹುಮಟ್ಟಿಗೆ ಇದೇ ಆಧಾರ.

ಇದೇ ಅಳತೆಗೋಲಿನಿಂದ ನೋಡಿದಾಗ ಹಣ್ಣು, ಸೊಪ್ಪು, ತರಕಾರಿಗಳು ಬಡವರಿಗೆ ದುಬಾರಿಯೆಂದು ಅಟ್ವಾಟರ್‌ಗೆ ತೋರಿತು. ಕೊಟ್ಟ ಕಾಸಿಗೆ ಅವುಗಳಲ್ಲಿ ಸಿಗುವ ಕ್ಯಾಲೊರಿ ಕಡಿಮೆಯಲ್ಲವೆ? ಅವರು ತೀರಿಕೊಂಡದ್ದು 1907ರಲ್ಲಿ. ವಿಟಮಿನ್ ಎಂಬ ಹೆಸರಿಗೆ ಮೂಲವಾದ ಪದ ಬಳಕೆಗೆ ಬಂದದ್ದು 1912ರಲ್ಲಿ. ಮೊತ್ತ ಸರಿಯಾಗಿದ್ದರೂ ತಟ್ಟೆ ತಪ್ಪಾಗಬಹುದು ಎಂಬುದಕ್ಕೆ ಇದೇ ಮೊದಲ ಪಾಠ.

ತೂಕ ಇಳಿಸುವವರಲ್ಲಿ ಈ ಲೆಕ್ಕವನ್ನು ಜನಪ್ರಿಯಗೊಳಿಸಿದ್ದು ಅಮೆರಿಕದ ವೈದ್ಯೆ ಲುಲು ಹಂಟ್ ಪೀಟರ್ಸ್ ಅವರ 1918ರ ಪುಸ್ತಕ. ನಮ್ಮ ದೇಶದಲ್ಲಿ ಲೆಕ್ಕ ಬೇಕಾದದ್ದು ಬೇರೆ ಕಾರಣಕ್ಕೆ. ನೀಲಗಿರಿಯ ಕೂನೂರಿನ ಪ್ರಯೋಗಾಲಯದಲ್ಲಿ ಡಬ್ಲ್ಯು. ಆರ್. ಆಯ್ಕ್ರಾಯ್ಡ್ 1937ರಲ್ಲಿ ಭಾರತೀಯ ಆಹಾರಗಳ ಪೋಷಕಾಂಶ ಪಟ್ಟಿಯನ್ನು ಪ್ರಕಟಿಸಿದರು. 1979ರಲ್ಲಿ ಯೋಜನಾ ಆಯೋಗದ ಕಾರ್ಯಪಡೆ, ದಿನಕ್ಕೆ ತಲೆಗೆ ಹಳ್ಳಿಯಲ್ಲಿ 2,400 ಮತ್ತು ಪಟ್ಟಣದಲ್ಲಿ 2,100 ಕ್ಯಾಲೊರಿಗಳನ್ನು ಆಧಾರವಾಗಿಟ್ಟು ಬಡತನದ ರೇಖೆ ಎಳೆಯಿತು. ಯಾರು ಬಡವರು ಎಂಬುದನ್ನೇ ಒಂದು ಮೊತ್ತ ತೀರ್ಮಾನಿಸುವಂತಾಯಿತು. 2009ರಲ್ಲಿ ತೆಂಡೂಲ್ಕರ್ ಸಮಿತಿ ಈ ಆಧಾರವನ್ನು ಕೈಬಿಟ್ಟಿತು.

ಮೊತ್ತ ಮುಚ್ಚಿಡುವುದೇನೆಂದು ತಿಳಿಯಲು ನಮ್ಮ ರಾಗಿಯೇ ಸಾಕು. ನೂರು ಗ್ರಾಂ ಅಕ್ಕಿಯಲ್ಲಿ ಸುಮಾರು 345 ಕ್ಯಾಲೊರಿ, ಅಷ್ಟೇ ರಾಗಿಯಲ್ಲಿ 328. ಹೆಚ್ಚು ವ್ಯತ್ಯಾಸವಿಲ್ಲ. ಆದರೆ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸಿನಲ್ಲಿದ್ದರೆ, ರಾಗಿಯಲ್ಲಿ ಸುಮಾರು 344. ಕ್ಯಾಲೊರಿಯೊಂದನ್ನೇ ಕೂಡಿಸುವವರಿಗೆ ಈ ಅಂತರ ಕಾಣುವುದೇ ಇಲ್ಲ.

ಲೆಕ್ಕ ಬೇಡವೆಂದಲ್ಲ. ಹಸಿವನ್ನಾಗಲಿ ಅತಿಯಾದ ಊಟವನ್ನಾಗಲಿ ಅಳೆಯಲು ಅದು ಬೇಕು. ಆದರೆ ಒಲೆಗೆ ಎಷ್ಟು ಸೌದೆ ಬಿತ್ತು ಎಂಬುದನ್ನಷ್ಟೇ ಅದು ಹೇಳುತ್ತದೆ. ಪಾತ್ರೆಯಲ್ಲಿ ಬೇಯುತ್ತಿರುವುದೇನು ಎಂಬುದನ್ನು ಮುಚ್ಚಳ ತೆಗೆದೇ ನೋಡಬೇಕು.