ಅಕ್ವೇರಿಯಂ ಬೆಳಕು (ಮೃದು ಹವಳ ಮತ್ತು ಅನಿಮೋನ್)

ಉಪ್ಪುನೀರಿನ ಅಕ್ವೇರಿಯಂನಲ್ಲಿ ಮೃದು ಹವಳ ಹಾಗೂ ಸಮುದ್ರ ಅನಿಮೋನ್‌ಗಳ ಪೋಷಣೆಗೆ ಒದಗಿಸುವ ಕೃತಕ ಬೆಳಕು. ಸಾಕಣೆಯಲ್ಲಿರುವ ಇಂಥ ಜೀವಿಗಳಲ್ಲಿ ಹೆಚ್ಚಿನವುಗಳ ಅಂಗಾಂಶದೊಳಗೆ ಝೂಜಾಂಥೆಲೆ ಎಂಬ ಏಕಕೋಶ ಪಾಚಿಗಳು ನೆಲೆಸಿದ್ದು, ದ್ಯುತಿಸಂಶ್ಲೇಷಣೆಯಿಂದ ತಯಾರಾದ ಆಹಾರವನ್ನು ಆಶ್ರಯ ಕೊಟ್ಟ ಜೀವಿಗೂ ಉಣಿಸುತ್ತವೆ. ಡೆಂಡ್ರೊನೆಫ್ತಿಯಾ ಕುಲದ ಮೃದು ಹವಳಗಳಲ್ಲಿ ಈ ಪಾಚಿ ಇಲ್ಲ. ಅವುಗಳಿಗೆ ಬೆಳಕಿಗಿಂತ ನೀರಿನಲ್ಲಿ ತೇಲುವ ಸೂಕ್ಷ್ಮ ಆಹಾರ ಮುಖ್ಯ.

ಅಳತೆ: ದೀಪದ ವ್ಯಾಟ್ ಸಂಖ್ಯೆ ವಿದ್ಯುತ್ ಬಳಕೆಯನ್ನಷ್ಟೇ ಸೂಚಿಸುತ್ತದೆ. ದ್ಯುತಿಸಂಶ್ಲೇಷಣೆಗೆ ಒದಗುವ 400–700 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ‘ಪಾರ್’ ಎನ್ನುತ್ತಾರೆ. ಇದನ್ನು ಹವಳ ಕೂತಿರುವ ಆಳದಲ್ಲೇ ಅಳೆಯಬೇಕು. ಅಣಬೆ ಹವಳ, ತೊಗಲು ಹವಳಗಳಿಗೆ ಸಾಮಾನ್ಯವಾಗಿ ಚದರ ಮೀಟರಿಗೆ ಸೆಕೆಂಡಿಗೆ 50–150 ಮೈಕ್ರೋಮೋಲ್ ಸಾಕು. ಗುಳ್ಳೆ ತುದಿಯ ಅನಿಮೋನ್‌ಗೆ ಸುಮಾರು 150–250 ಬೇಕಾಗುತ್ತದೆ.

ದೀಪಗಳು: ಟಿ5 ಟ್ಯೂಬ್‌ಗಳು ಬೆಳಕನ್ನು ಸಮನಾಗಿ ಹರಡುತ್ತವೆ. ಮೆಟಲ್ ಹ್ಯಾಲೈಡ್ ದೀಪಗಳು ಪ್ರಖರವಾದರೂ ನೀರನ್ನು ಬಿಸಿ ಮಾಡುತ್ತವೆ. ಎಲ್‌ಇಡಿಯಲ್ಲಿ ಬಣ್ಣ, ಪ್ರಖರತೆ ಎರಡನ್ನೂ ಹೊಂದಿಸಬಹುದು. ಕಡಲಾಳಕ್ಕೆ ಹೆಚ್ಚು ಇಳಿಯುವುದು ನೀಲಿ ಬೆಳಕಾದ್ದರಿಂದ ನೀಲಿ ಪ್ರಧಾನ ದೀಪಗಳನ್ನು ಆರಿಸುವುದು ರೂಢಿ.

ನಿರ್ವಹಣೆ: ದಿನಕ್ಕೆ 8–10 ಗಂಟೆ ಬೆಳಕು ಸಾಕು. ಹೊಸ ದೀಪದ ಪ್ರಖರತೆಯನ್ನು ಕೆಲವು ವಾರಗಳಲ್ಲಿ ಹಂತಹಂತವಾಗಿ ಏರಿಸಬೇಕು. ಒಮ್ಮೆಲೇ ಏರಿಸಿದರೆ ಹವಳ ಪಾಚಿಯನ್ನು ಹೊರಹಾಕಿ ಬಿಳಿಚಿಕೊಳ್ಳುತ್ತದೆ. ಅನಿಮೋನ್ ತನಗೆ ಒಗ್ಗುವ ಜಾಗಕ್ಕೆ ತಾನೇ ಸರಿಯುತ್ತದೆ. ಅದು ಪದೇಪದೇ ಜಾಗ ಬದಲಿಸಿದರೆ ಬೆಳಕನ್ನಷ್ಟೇ ಅಲ್ಲ, ನೀರಿನ ಹರಿವು ಮತ್ತು ಗುಣಮಟ್ಟವನ್ನೂ ಪರಿಶೀಲಿಸಬೇಕು.