ಗುರುವಿಲ್ಲದ ಮರಣಶಯ್ಯೆ: ‘ಕೊಂಚಿರಿಸಾನ್ ನೊ ರಿಯಾಕು’ ಕುರಿತು ಒಂದು ಟಿಪ್ಪಣಿ

1603ರಲ್ಲಿ ಜಪಾನಿನಲ್ಲಿ ರಚನೆಯಾದ ‘ಕೊಂಚಿರಿಸಾನ್ ನೊ ರಿಯಾಕು’ ಎಂಬ ಕ್ರೈಸ್ತ ಕಿರುಹೊತ್ತಗೆಯನ್ನು ಪಶ್ಚಾತ್ತಾಪದ ಬೋಧನೆಯೆಂದು ಗುರುತಿಸುವುದು ರೂಢಿ. ಅದನ್ನು ಮರಣಸಿದ್ಧತೆಯ ಸಾಹಿತ್ಯದ ಸಾಲಿನಲ್ಲಿಟ್ಟು ಓದಬೇಕೆಂಬುದು ಈ ಟಿಪ್ಪಣಿಯ ವಾದ.

‘ಸಾಯುವ ಕಲೆ’ಯನ್ನು ಕಲಿಸುವ 15ನೆಯ ಶತಮಾನದ ಯುರೋಪಿನ ಕೃತಿಗಳಲ್ಲಿ ಸಾಯುವವನು ಒಂಟಿಯಲ್ಲ. ಪ್ರಶ್ನೆ ಕೇಳಿ ವಿಶ್ವಾಸ ಗಟ್ಟಿಮಾಡುವ ಗೆಳೆಯನಿದ್ದಾನೆ. ಪಾಪನಿವೇದನೆ ಕೇಳಿ ಅಂತ್ಯಾಭ್ಯಂಗ ಕೊಡುವ ಗುರು, ಅಂದರೆ ಪಾದ್ರಿ, ಇದ್ದಾನೆ. ಆದರೆ ಜಪಾನಿನಲ್ಲಿ ಅಂಥ ಗುರುಗಳು ವಿರಳ. ಜೆಸ್ವಿಟ್ ಪಾದ್ರಿ ವಲಿಗ್ನಾನೊ 1590ರಲ್ಲಿ ಅಲ್ಲಿಗೆ ತಂದಿಳಿಸಿದ ಮುದ್ರಣಯಂತ್ರದಿಂದ ಸುಮಾರು 1593ರಲ್ಲಿ ಹೊರಬಂದ ಜ್ಞಾನಸ್ನಾನದ ಕೈಪಿಡಿಯೊಂದು ಈ ಕೊರತೆಗೆ ಮದ್ದು ಹುಡುಕಿತು. ಗುರುವಿಲ್ಲದ ಕಡೆ ಸಾಮಾನ್ಯ ವಿಶ್ವಾಸಿಯೇ ರೋಗಿಯ ಪಕ್ಕ ಕುಳಿತು ಏನು ಹೇಳಬೇಕು, ಏನು ಮಾಡಬೇಕು ಎಂಬುದನ್ನು ಅದು ತಿಳಿಸುತ್ತದೆ. ಗುರುವಿನ ಜಾಗಕ್ಕೆ ನೆರೆಯವನು ಬಂದ.

‘ಕೊಂಚಿರಿಸಾನ್’ ಇನ್ನೊಂದು ಹೆಜ್ಜೆ ಮುಂದಿಡುತ್ತದೆ. ಧರ್ಮಾಧ್ಯಕ್ಷ ಲೂಯಿಸ್ ಸೆರ್ಕೇರಾ ಅವರ ಹೆಸರಿನೊಂದಿಗೆ ತಳಕು ಹಾಕಿಕೊಂಡಿರುವ ಈ ಕೃತಿಗೆ ಕ್ಯಾಥೊಲಿಕ್ ಚರ್ಚಿನ 1551ರ ಟ್ರೆಂಟ್ ಮಹಾಸಭೆಯ ನಿರ್ಣಯವೇ ಆಧಾರ: ದೇವರ ಮೇಲಿನ ಪ್ರೀತಿಯಿಂದ ಹುಟ್ಟಿದ ಪರಿಪೂರ್ಣ ಪಶ್ಚಾತ್ತಾಪವು, ಪಾಪನಿವೇದನೆಯ ಹಂಬಲ ಒಳಗಿರುವಾಗ, ಸಂಸ್ಕಾರ ದೊರೆಯುವ ಮೊದಲೇ ದೇವರೊಡನೆ ರಾಜಿ ಮಾಡಿಸಬಲ್ಲದು. ಯುರೋಪಿನಲ್ಲಿ ಇದು ದೇವಶಾಸ್ತ್ರದ ಸೂಕ್ಷ್ಮ. ಜಪಾನಿನ ಹಳ್ಳಿಯಲ್ಲಿ ಪ್ರಾಣ ಹೋಗುವ ಹೊತ್ತಿನ ಏಕೈಕ ಆಸರೆ.

ಶೀರ್ಷಿಕೆಯೂ ಗಮನಾರ್ಹ. ‘ಕೊಂಚಿರಿಸಾನ್’ ಪಶ್ಚಾತ್ತಾಪಕ್ಕಿರುವ ಪೋರ್ಚುಗೀಸ್ ಪದದ ಜಪಾನಿ ರೂಪ. ‘ರಿಯಾಕು’ ಎಂದು ಕಾನಾ ಲಿಪಿಯಲ್ಲಿ ಬರೆದದ್ದನ್ನು ‘ಸಂಗ್ರಹ’ ಎಂದು ಓದಬಹುದು. ಬುದ್ಧನ ಕೃಪೆಯಿಂದ ದೊರೆಯುವ ಲಾಭವೆಂದೂ ಓದಬಹುದು. 1869ರ ಮುದ್ರಣ ಮೊದಲ ಅರ್ಥದ ಚಿತ್ರಲಿಪಿಯನ್ನು ಆರಿಸಿಕೊಂಡಿತು. ಆದರೆ ಕೇಳುವವರ ಕಿವಿಗೆ ಎರಡನೆಯದೂ ಪರಿಚಿತವೇ.

1614ರಲ್ಲಿ ಪಾದ್ರಿಗಳನ್ನು ದೇಶದಿಂದ ಹೊರಗಟ್ಟುವ ಆಜ್ಞೆ ಬಂತು. 1640ರ ದಶಕದ ಹೊತ್ತಿಗೆ ಜಪಾನಿನಲ್ಲಿ ಗುರುವೇ ಉಳಿಯಲಿಲ್ಲ. ಈ ಹೊತ್ತಗೆ ಮಾತ್ರ ಕೈಬರಹದ ಪ್ರತಿಗಳಲ್ಲಿ, ಅದರ ಪ್ರಾರ್ಥನೆ ಬಾಯಿಪಾಠದಲ್ಲಿ ಗುಟ್ಟಾಗಿ ಬದುಕಿತು. 1865ರಲ್ಲಿ ನಾಗಸಾಕಿಯ ಓಉರಾ ಚರ್ಚಿಗೆ ಉರಕಾಮಿಯ ಹಳ್ಳಿಗರು ಬಂದು ತಾವೂ ಕ್ರೈಸ್ತರೆಂದು ಹೇಳಿಕೊಂಡರು. ಅವರನ್ನು ಬರಮಾಡಿಕೊಂಡ ಫ್ರೆಂಚ್ ಪಾದ್ರಿ ಬರ್ನಾರ್ಡ್ ಪೆತಿಜಾನ್ ಅವರೇ ನಾಲ್ಕು ವರ್ಷಗಳ ಬಳಿಕ ಈ ಹೊತ್ತಗೆಯನ್ನು ಅಚ್ಚು ಹಾಕಿಸಿದರು.

ಕನ್ನಡಿಗರಿಗೆ ಮರಣಸಿದ್ಧತೆ ಎಂದರೆ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಸಲ್ಲೇಖನ ಶಾಸನಗಳು ನೆನಪಾಗುತ್ತವೆ. ಅಲ್ಲಿ ವ್ರತದಿಂದ ದೇಹ ಬಿಟ್ಟವರ ಹೆಸರನ್ನು ಊರೆಲ್ಲ ಓದಲೆಂದು ಕಲ್ಲಿನಲ್ಲಿ ಕೊರೆದರು. ಇಲ್ಲಿ ಅದೇ ಸಿದ್ಧತೆ ಯಾರ ಕಣ್ಣಿಗೂ ಬೀಳದಂತೆ ನಡೆಯಬೇಕಿತ್ತು. ಹಾಸಿಗೆಯ ಸುತ್ತಲಿನವರೆಲ್ಲ ಒಬ್ಬೊಬ್ಬರಾಗಿ ಇಲ್ಲವಾದಾಗಲೂ ಸಾಯುವ ವ್ಯಕ್ತಿಯ ನಾಲಗೆಯ ಮೇಲೆ ಉಳಿಯುವಂಥ ಮಾತುಗಳನ್ನು ಈ ಹೊತ್ತಗೆ ಕೊಟ್ಟಿತು. ಮರಣಸಾಹಿತ್ಯದ ಚರಿತ್ರೆಯಲ್ಲಿ ಅದರ ಸ್ಥಾನ ಇರುವುದು ಇಲ್ಲಿಯೇ.